ಹಾರ್ಟಸ್ ಮಲಬಾರಿಕಸ್ ಗ್ರಂಥದ ವೈದ್ಯರು: ಕರ್ತೃತ್ವದ ಪುನರ್ವಿಮರ್ಶೆ

ಡಚ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮಲಬಾರಿನ ಅಧಿಕಾರಿಯಾಗಿದ್ದ ವಾನ್ ರೀಡ್ ಕೊಚ್ಚಿಯಲ್ಲಿ ಸಂಕಲನಮಾಡಿಸಿದ, 1678ರಿಂದ 1693ರವರೆಗೆ ಆಂಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಮುದ್ರಿತವಾದ, ಮಲಬಾರಿನ ಸಸ್ಯಗಳನ್ನು ಕುರಿತ ಲ್ಯಾಟಿನ್ ಗ್ರಂಥ ಹಾರ್ಟಸ್ ಮಲಬಾರಿಕಸ್, ದೇಶೀಯ ವೈದ್ಯರ ನೆರವಿಲ್ಲದೆ ರೂಪುಗೊಳ್ಳುತ್ತಿರಲಿಲ್ಲವೆಂಬುದು ಸರ್ವಸಮ್ಮತ. ಲಿನೇಯಸನು ಈ ಗ್ರಂಥವನ್ನು ಆಧಾರವಾಗಿ ಬಳಸಿಕೊಂಡುದೂ, ಕೆ. ಎಸ್. ಮಣಿಲಾಲರು ಅದನ್ನು ಇಂಗ್ಲಿಷಿಗೆ ತಂದುದೂ ಸುವಿದಿತವೇ. ವಿವಾದವಿರುವುದು ಆ ನೆರವು ಯಾರದೆಂಬಲ್ಲಿ.

ಬ್ರಾಹ್ಮಣ ಪಂಡಿತರ ಶಾಸ್ತ್ರಜ್ಞಾನ ಇಲ್ಲಿ ಗೌಣ, ಕೇರಳದ ಈಳವ ಸಮುದಾಯದ ವೈದ್ಯರ ಅನುಭವಜ್ಞಾನವೇ ಪ್ರಧಾನ ಎಂಬುದು ಇತಿಹಾಸಕಾರ ರಿಚರ್ಡ್ ಗ್ರೋವ್ ಅವರ ವಾದ. ಗಿಡಗಳನ್ನು ಗುರುತಿಸುವಲ್ಲಿ ಬ್ರಾಹ್ಮಣರೇ ಕೆಳಜಾತಿಯವರೆನಿಸಿದ ಸಹಾಯಕರನ್ನು ಆಶ್ರಯಿಸಿದ್ದರೆಂಬುದು ಅದಕ್ಕೆ ಬಲವಾದ ಆಧಾರ. ಶತಮಾನಗಳ ಉಪೇಕ್ಷೆಗೆ ಒಳಗಾದ ಈಳವ ವೈದ್ಯ ಇಟ್ಟಿ ಅಚ್ಯುತನ್ ಅವರಿಗೆ ನ್ಯಾಯ ದೊರಕಿಸಿದ ಈ ವಾದಕ್ಕೆ ನಾವು ಋಣಿಗಳು. ಆದರೂ ಅದನ್ನು ಪೂರ್ಣವಾಗಿ ಅಂಗೀಕರಿಸುವುದಕ್ಕೆ ಮೊದಲ ಸಂಪುಟವೇ ಅಡ್ಡಬರುತ್ತದೆ.

ಆ ಸಂಪುಟದ ಆದಿಯಲ್ಲಿ 1675ರ ಪ್ರಮಾಣಪತ್ರಗಳು ಅಚ್ಚಾಗಿವೆ. ಅವುಗಳಲ್ಲೊಂದು ಕೊಲ್ಲಾಟ್ಟ್ ಮನೆತನದ ಇಟ್ಟಿ ಅಚ್ಯುತನ್ ಅವರದು. ತಮ್ಮ ಗ್ರಂಥದಿಂದಲೂ ಸ್ವಾನುಭವದಿಂದಲೂ ಗಿಡಗಳ ಹೆಸರು ಗುಣಗಳನ್ನು ತಿಳಿಸಿದುದಾಗಿ ಅವರು ಹೇಳುತ್ತಾರೆ. ಇನ್ನೊಂದು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ಬ್ರಾಹ್ಮಣರದು. ವೈದ್ಯಕೀಯ ನಿಘಂಟುವನ್ನು ಆಧರಿಸಿ ತಾವೂ ದುಡಿದುದಾಗಿ ನಾಗರಿ ಲಿಪಿಯಲ್ಲಿ ಬರೆದುಕೊಟ್ಟಿದ್ದಾರೆ. ತೆಂಗಿನಿಂದ ಮೊದಲಾಗುವ ಚಿತ್ರಪಟಗಳಲ್ಲಿಯೂ ಮಲಯಾಳ, ಅರಬ್ಬಿ ಲಿಪಿಗಳೊಡನೆ ನಾಗರಿಯ ಹೆಸರುಗಳು ಕೆತ್ತಲ್ಪಟ್ಟಿವೆ. ಪಂಡಿತರು ಗಿಡಗಳ ಗುಣಗಳನ್ನು ಶ್ಲೋಕಗಳಿಂದ ಹೇಳುತ್ತಿದ್ದರೆಂದು ವಾನ್ ರೀಡನೇ ಬರೆದಿದ್ದಾನೆ. ಸಹಾಯಕರು ಗಿಡವನ್ನು ಗುರುತಿಸಿದರೆಂಬ ಮಾತ್ರಕ್ಕೆ ಅದರ ಗುಣವಿವೇಚನೆಯಲ್ಲಿ ಪಂಡಿತರ ಪಾಲು ಇಲ್ಲವಾಗದು.

ಆದಕಾರಣ, ಈ ಗ್ರಂಥದ ವೈದ್ಯಕೀಯ ಭಾಗ ಒಂದೇ ಸಮುದಾಯದ ಸಂಪ್ರದಾಯವಲ್ಲ, ಎರಡು ಸಂಪ್ರದಾಯಗಳು ಒಂದೇ ಅಧಿಕಾರದ ನೆರಳಿನಲ್ಲಿ ಕೂಡಿ ನಿರ್ಮಿಸಿದ ಸಂಕಲನವೆಂದು ನನಗೆ ತೋರುತ್ತದೆ. ಪ್ರಮಾಣಪತ್ರಗಳು ಅಧಿಕಾರಿಯ ಇಚ್ಛೆಗೆ ಅನುಗುಣವಾಗಿ ರಚಿತವಾದವೆಂಬುದನ್ನು ಮರೆಯಲಾಗದು. ಅವು ಮೊದಲ ಸಂಪುಟಕ್ಕೆ ಸೇರಿದವಾದುದರಿಂದ, ಉಳಿದ ಹನ್ನೊಂದಕ್ಕೆ ಅವುಗಳ ಸಾಕ್ಷ್ಯವನ್ನು ವಿಸ್ತರಿಸುವಾಗ ಎಚ್ಚರಿಕೆಯೂ ಅವಶ್ಯ. ಪ್ರತಿಯೊಂದು ಗಿಡದ ವಿವರಣೆಯಲ್ಲಿ ಯಾರ ಪಾಲು ಎಷ್ಟೆಂಬ ಪ್ರಶ್ನೆಯಂತೂ ಇನ್ನೂ ತೆರೆದೇ ಇದೆ. ಲ್ಯಾಟಿನ್ ಪಾಠದ ಔಷಧಗುಣಗಳನ್ನು ಸಂಸ್ಕೃತ ನಿಘಂಟುಗಳೊಡನೆಯೂ ಕೇರಳದ ವೈದ್ಯಮನೆತನಗಳ ಓಲೆಗರಿಗಳೊಡನೆಯೂ ಸಾಲುಸಾಲಾಗಿ ಹೋಲಿಸುವ ಕಾರ್ಯವನ್ನು ಈ ಭಾಷೆಗಳನ್ನು ಬಲ್ಲ ತರುಣ ಸಂಶೋಧಕರು ಕೈಗೊಳ್ಳಬೇಕಾಗಿದೆ.