ಕಂಪ್ಲಿಯ ಕೆಳಗಿನ ಹೊಳೆ

ಕಂಪ್ಲಿಗಿಂತ ಕೆಳಗಿರುವ ಗಿಲ್ಲೆಸುಗೂರಿನ ನಮಗೆ ತುಂಗಭದ್ರೆಯೇ ಕಡಲು. ಅಲ್ಲಿನ ನೀರುನಾಯಿಗೆ ರಕ್ಷಣೆ ಕೇಳುತ್ತಿದ್ದೇವೆ. ನೀರಿಗೆ ಗಡಿ ಹಾಕಿ ಜೀವ ಕಾಯುವುದು ಹೊಸ ಮಾತೇನಲ್ಲ; ಶೃಂಗೇರಿಯ ತುಂಗೆಯಲ್ಲಿ ದೇವರ ಮೀನಿಗೆ ಯಾರೂ ಗಾಳ ಹಾಕುವುದಿಲ್ಲ.

ನೀರುನಾಯಿ ಬಲೆ ಹರಿದರೆ ನಮ್ಮಜ್ಜ ಬಯ್ಯುತ್ತಿದ್ದ, ಕೊಲ್ಲುತ್ತಿರಲಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆ ನಮ್ಮ ಕಡೆಗೆ ಭತ್ತ ತಂದಿತು. ಹೊಳೆ ಮಾತ್ರ ಬೇಸಿಗೆಯಲ್ಲಿ ಬಂಡೆಗಳ ನಡುವಿನ ಮಡುಗಳಾಗಿ ಉಳಿಯಿತು. ಆ ಮಡುಗಳೇ ನೀರುನಾಯಿಯ ಮನೆ. ಅಲ್ಲಿಗೂ ಸಿಡಿಮದ್ದು ಬಂತು, ಮರಳು ಅಗೆಯುವವರು ಬಂದರು.

2015ರಲ್ಲಿ ಸರ್ಕಾರ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ದೇಶದಲ್ಲೇ ಇದು ಮೊದಲನೆಯದು, ಒಳ್ಳೆಯ ಕೆಲಸ. ಆದರೆ ಗಡಿ ಕಂಪ್ಲಿಯಲ್ಲಿ ನಿಂತಿತು, ಹೊಳೆ ನಿಲ್ಲಲಿಲ್ಲ. ಆ ಗಡಿಯನ್ನು ನಮ್ಮ ದಂಡೆಯವರೆಗೂ ತನ್ನಿ.