ಕಂಚಿಯ ರಾಜಸಿಂಹೇಶ್ವರವೂ ಅದರ ಕನ್ನಡ ಶಾಸನವೂ

ಕಾಂಚೀಪುರದ ಕೈಲಾಸನಾಥ ದೇವಾಲಯವು ಪಲ್ಲವರ ವಾಸ್ತುಕಲೆಯ ಶ್ರೇಷ್ಠ ಕೃತಿಗಳಲ್ಲೊಂದು. ಕ್ರಿ.ಶ. 8ನೆಯ ಶತಮಾನದ ಆದಿಭಾಗದಲ್ಲಿ ಇದನ್ನು ಕಟ್ಟಿಸಿದವನು ರಾಜಸಿಂಹನೆಂಬ ಬಿರುದಿನ ಎರಡನೆಯ ನರಸಿಂಹವರ್ಮ. ಆದುದರಿಂದಲೇ ಶಾಸನಗಳಲ್ಲಿ ಇದಕ್ಕೆ ರಾಜಸಿಂಹೇಶ್ವರವೆಂಬ ಹೆಸರುಂಟು. ಅಂಗಳದ ಸುತ್ತಲೂ ಕಿರುಗುಡಿಗಳ ಸಾಲು. ಗರ್ಭಗೃಹದಲ್ಲಿ 16 ಮುಖಗಳ ಲಿಂಗ. ಅದರ ಹಿಂದಣ ಭಿತ್ತಿಯಲ್ಲಿ ಸೋಮಾಸ್ಕಂದ ಮೂರ್ತಿ. ಇಕ್ಕಟ್ಟಾದ ಪ್ರದಕ್ಷಿಣಪಥದಲ್ಲಿ ನುಸುಳಿ ಹೊರಬಂದವರಿಗೆ ಪುನರ್ಜನ್ಮವಿಲ್ಲವೆಂದು ಭಕ್ತರು ನಂಬುತ್ತಾರೆ.

ಪೆರಿಯ ಪುರಾಣದ ಕಥೆಯೊಂದನ್ನೂ ಸಂಪ್ರದಾಯವು ಈ ಗುಡಿಗೆ ಸಂಬಂಧಿಸಿದೆ. ಬಡ ಭಕ್ತನಾದ ಪೂಸಲಾರನು ಮನಸ್ಸಿನಲ್ಲಿಯೇ ಗುಡಿಯೊಂದನ್ನು ಕಟ್ಟಿದನು. ಅರಸನ ಗುಡಿಯ ಪ್ರತಿಷ್ಠೆಯೂ ಅದೇ ದಿನ ನಿಶ್ಚಯವಾಗಿರಲು, ಶಿವನು ಅರಸನ ಕನಸಿನಲ್ಲಿ ಬಂದು, ತಾನು ಮೊದಲು ಪೂಸಲಾರನ ಗುಡಿಗೆ ಹೋಗಬೇಕಾಗಿದೆಯೆಂದು ತಿಳಿಸಿದನಂತೆ.

ಕನ್ನಡಿಗರಿಗೆ ಈ ದೇವಾಲಯವು ವಿಶೇಷವಾಗಿ ಸ್ಮರಣೀಯವಾಗಿರುವುದು ಅಲ್ಲಿಯ ಒಂದು ಶಾಸನದಿಂದ. ಕ್ರಿ.ಶ. 642ರಲ್ಲಿ ಮೊದಲನೆಯ ನರಸಿಂಹವರ್ಮನು ಬಾದಾಮಿಯನ್ನು ಗೆದ್ದು 'ವಾತಾಪಿಕೊಂಡ'ನೆನಿಸಿದನು. ಸುಮಾರು ಒಂದು ಶತಮಾನದ ಅನಂತರ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನು ಜಯಶಾಲಿಯಾಗಿ ಕಂಚಿಯನ್ನು ಹೊಕ್ಕನು. ಹಗೆ ತೀರಿಸಿಕೊಳ್ಳಲು ಇದಕ್ಕಿಂತ ಅನುಕೂಲವಾದ ಸಮಯವಿರಲಿಲ್ಲ. ಆದರೆ ಮುಂದಣ ಮಂಟಪದ ಕಂಬವೊಂದರ ಮೇಲಿರುವ ಅವನ ಕನ್ನಡ ಶಾಸನವು ಸಾರುವುದೇ ಬೇರೆ. ರಾಜಸಿಂಹೇಶ್ವರದ ಸಂಪತ್ತನ್ನು ಅವನು ವಶಪಡಿಸಿಕೊಳ್ಳದೆ ದೇವರಿಗೇ ಬಿಟ್ಟುಕೊಟ್ಟನು. ಈ ಧರ್ಮವನ್ನು ಕೆಡಿಸಿದವರಿಗೆ ಕಂಚಿಯ ಘಟಿಕೆಯ ಮಹಾಜನರನ್ನು ಕೊಂದ ಪಾಪವು ತಗಲುವುದೆಂಬ ಶಾಪವಾಕ್ಯವೂ ಅಲ್ಲಿದೆ. ಕದಂಬ ಮಯೂರಶರ್ಮನು ವಿದ್ಯೆಯನ್ನರಸಿ ಹೋದುದು ಇದೇ ಊರಿನ ಘಟಿಕೆಗೆ. ಮಗನಾದ ಎರಡನೆಯ ಕೀರ್ತಿವರ್ಮನ ವಕ್ಕಲೇರಿ ತಾಮ್ರಪಟಗಳೂ ವಿಕ್ರಮಾದಿತ್ಯನು ಕಂಚಿಯನ್ನು ನಾಶಮಾಡಲಿಲ್ಲವೆಂದು ಹೇಳುತ್ತವೆ. ಮಕ್ಕಳು ಹೊಗಳುವುದು ಸಹಜವೆನ್ನಬಹುದು. ಆದರೆ ಸೋತವರ ಗುಡಿಯಲ್ಲಿಯೇ ನಿಂತಿರುವ ಕಂಬದ ಸಾಕ್ಷ್ಯವನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಈ ವಿಜಯದ ಸ್ಮರಣೆಗಾಗಿ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಲೋಕೇಶ್ವರವನ್ನು ಕಟ್ಟಿಸಿದಳು. ಇಂದಿನ ವಿರೂಪಾಕ್ಷ ದೇವಾಲಯವೇ ಅದು. ಅದರ ರಚನೆಯಲ್ಲಿ ಕೈಲಾಸನಾಥದ ಪ್ರಭಾವವನ್ನು ವಿದ್ವಾಂಸರು ಗುರುತಿಸಿದ್ದಾರೆ.

ಕಾಲಾಂತರದಲ್ಲಿ ಕಂಚಿಯ ಗುಡಿಯು ಮುಚ್ಚಿ, ಅದರ ಭೂಮಿಗಳು ಪರಾಧೀನವಾದವು. ವಿಜಯನಗರದ ಕುಮಾರ ಕಂಪಣನ ಕಾಲದಲ್ಲಿ, ಶಕ 1286ರಲ್ಲಿ, ಅವುಗಳನ್ನು ದೇವರಿಗೆ ಮರಳಿಸಲಾಯಿತೆಂದು ಅಲ್ಲಿಯ ಶಾಸನವೇ ತಿಳಿಸುತ್ತದೆ. ಹೀಗೆ ಕನ್ನಡ ನಾಡಿನ ಎರಡು ರಾಜವಂಶಗಳು ಆರು ಶತಮಾನಗಳ ಅಂತರದಲ್ಲಿ ಈ ದೇವರ ಸೊತ್ತನ್ನು ದೇವರಿಗೇ ಉಳಿಸಿಕೊಟ್ಟಿವೆ. ದಕ್ಷಿಣದ ಚರಿತ್ರೆಯನ್ನು ಬರೆಯುವವರು ಯುದ್ಧಗಳ ಪಟ್ಟಿಯೊಡನೆ ಇಂತಹ ಸಂಗತಿಗಳಿಗೂ ಎಡೆಗೊಡುವುದು ಯುಕ್ತ.