ಸೊಂಟದ ಮೂಳೆಯ ಸೋಂಕು: ಶಸ್ತ್ರಕ್ರಿಯೆ ಯಾವಾಗ ಬೇಕು?

ಮಲಗಿದರೂ ಕಡಿಮೆಯಾಗದ, ನಡುರಾತ್ರಿ ಎಬ್ಬಿಸುವ ಸೊಂಟನೋವಿನ ಜೊತೆ ಜ್ವರವಿದ್ದರೆ, ತೂಕ ಇಳಿಯುತ್ತಿದ್ದರೆ, ಬೆಲ್ಟು ಕಟ್ಟಿ ಸುಮ್ಮನಿರಬಾರದು. ಬೆನ್ನುಮೂಳೆಯ ಸೋಂಕು ನಮ್ಮಲ್ಲಿ ಹೆಚ್ಚಾಗಿ ಕ್ಷಯದಿಂದ ಬರುತ್ತದೆ; ಕೀವು ತರುವ ಇತರ ಬ್ಯಾಕ್ಟೀರಿಯಾಗಳಲ್ಲಿ ಸ್ಟ್ಯಾಫಿಲೊಕಾಕಸ್ ಮುಖ್ಯ. ಕುರಿ, ದನ ಸಾಕುವವರಿಗೆ ತಗಲುವ ಬ್ರೂಸೆಲ್ಲಾ ಬೆನ್ನಿಗಿಳಿದರೆ ಹೆಚ್ಚಾಗಿ ಸೊಂಟದ ಭಾಗವನ್ನೇ ಹಿಡಿಯುತ್ತದೆ.

ಲಂಡನ್ನಿನ ಪರ್ಸಿವಲ್ ಪಾಟ್ 1779ರಲ್ಲಿ ಗೂನುಬೆನ್ನಿಗೂ ಕಾಲಿನ ಸ್ವಾಧೀನ ತಪ್ಪುವುದಕ್ಕೂ ಇರುವ ನಂಟನ್ನು ವಿವರಿಸಿದರು. ಕ್ಷಯದ ಬ್ಯಾಕ್ಟೀರಿಯಾ ವಿಜ್ಞಾನಿ ಕಾಖ್ ಅವರ ಕಣ್ಣಿಗೆ ಬಿದ್ದದ್ದು 1882ರಲ್ಲಿ. ಶಸ್ತ್ರವೈದ್ಯರು ಮಾತ್ರ ಬಹುಕಾಲ ಬೆನ್ನಿನ ಹಿಂಬದಿಯಿಂದಲೇ ಮೂಳೆಯ ಕಮಾನು ತೆಗೆಯುತ್ತಿದ್ದರು. ರೋಗ ಸಾಮಾನ್ಯವಾಗಿ ತಿನ್ನುವುದು ಮುಂಭಾಗವನ್ನು. ಗಟ್ಟಿಯಾಗಿ ಉಳಿದ ಹಿಂಭಾಗವನ್ನೂ ತೆಗೆದರೆ ಬೆನ್ನು ಇನ್ನಷ್ಟು ಕುಸಿಯುತ್ತಿತ್ತು. ಹಾಂಗ್‌ಕಾಂಗ್‌ನ ಹಾಡ್ಜ್‌ಸನ್ ಮತ್ತು ಸ್ಟಾಕ್ 1956ರಲ್ಲಿ ಪ್ರಕಟಿಸಿದ ವಿಧಾನ ಈ ದಿಕ್ಕನ್ನೇ ತಿರುಗಿಸಿತು: ಮುಂದಿನಿಂದ ಹೋಗಿ, ಕೊಳೆತದ್ದನ್ನು ತೆಗೆದು, ಆ ಜಾಗಕ್ಕೆ ರೋಗಿಯದೇ ಮೂಳೆಯ ತುಂಡನ್ನು ಕೂರಿಸುವುದು.

ಆದರೆ ಎಲ್ಲರಿಗೂ ಅದು ಬೇಕೆ? ಈ ಕ್ಷೇತ್ರದ ಅತ್ಯಂತ ಮುಖ್ಯ ಪ್ರಶ್ನೆ ಇದೇ ಎಂದು ನನಗನ್ನಿಸುತ್ತದೆ. ಅದಕ್ಕೆ ಉತ್ತರ ಹುಡುಕಿದ್ದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗಗಳು. ಕೊರಿಯಾದ ಮಾಸಾನ್‌ನಲ್ಲಿ ಆರು ತಿಂಗಳು ಆಸ್ಪತ್ರೆಯಲ್ಲಿ ಮಲಗಿಸಿದವರಿಗೂ, ಮನೆಯಿಂದಲೇ ಬಂದು ಔಷಧಿ ಪಡೆದು ಓಡಾಡಿಕೊಂಡಿದ್ದವರಿಗೂ ಫಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪೂಸಾನ್‌ನಲ್ಲಿ ಪ್ಲಾಸ್ಟರ್ ಕವಚದಿಂದಲೂ ಹೆಚ್ಚಿನ ಲಾಭವಾಗಲಿಲ್ಲ. ಹಾಂಗ್‌ಕಾಂಗ್ ವಿಧಾನದಲ್ಲಿ ಮೂಳೆ ಬೇಗ ಕೂಡಿತು, ಗೂನು ಕಡಿಮೆಯಾಯಿತು ಎಂಬುದೂ ನಿಜ. ತಿಂಗಳುಗಟ್ಟಲೆ ಕೂಲಿ ಬಿಟ್ಟು ಮಲಗಲಾರದ ಬಡವರಿಗೆ ಮಾಸಾನ್‌ನ ಫಲಿತಾಂಶ ಎಷ್ಟು ದೊಡ್ಡ ಬಿಡುಗಡೆ! ವಾರಾಣಸಿಯ ಎಸ್. ಎಂ. ತುಲಿ 1975ರಲ್ಲಿ ಪ್ರಕಟಿಸಿದ ‘ಮಧ್ಯಮ ಮಾರ್ಗ’ವೂ ಇದೇ ದಿಕ್ಕಿನದು: ಮೊದಲು ಔಷಧಿ; ಅದರಿಂದ ಗುಣವಾಗದಿದ್ದರೆ, ಸ್ವಾಧೀನ ಮರಳದಿದ್ದರೆ ಅಥವಾ ಕೆಡುತ್ತ ಹೋದರೆ ಶಸ್ತ್ರಕ್ರಿಯೆ.

ಸೊಂಟದ ಮಟ್ಟಿಗೆ ಒಂದು ಮಾತು. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಕೆಳಗಿರುವುದು ನರಗಳ ಗೊಂಚಲು, ಅವಕ್ಕೆ ಜಾಗವೂ ಹೆಚ್ಚು. ಆದ್ದರಿಂದ ಇಲ್ಲಿ ಕಾಲಿನ ಸ್ವಾಧೀನ ತಪ್ಪುವುದು ಕಡಿಮೆ, ರೋಗ ಗೊತ್ತಾಗುವುದೂ ತಡ. ಕೀವು ಸೋಯಾಸ್ ಸ್ನಾಯುವಿನ ಗುಂಟ ಜಾರಿ ತೊಡೆಸಂದಿಯಲ್ಲಿ ಗಡ್ಡೆಯಾಗಿ ಕಾಣಿಸಿಕೊಳ್ಳುವುದುಂಟು. ಎಕ್ಸ್‌ರೇಯಲ್ಲಿ ಹಾನಿ ಕಾಣುವ ಹೊತ್ತಿಗೆ ವಾರಗಳೇ ಕಳೆದಿರುತ್ತವೆ. ಎಂಆರ್‌ಐ ಬಂದ ಮೇಲೆ ಡಿಸ್ಕ್, ಮಜ್ಜೆ, ಕೀವು ಎಲ್ಲವೂ ಮೊದಲೇ ಕಾಣತೊಡಗಿದವು. ಚಿತ್ರದಿಂದ ಬ್ಯಾಕ್ಟೀರಿಯಾದ ಹೆಸರು ತಿಳಿಯುವುದಿಲ್ಲ; ಅದಕ್ಕೆ ಸಿಟಿ ನೋಡುತ್ತ ಸೂಜಿಯಿಂದ ತುಣುಕು ತೆಗೆದು ಕಲ್ಚರ್, ಕ್ಷಯ ಪತ್ತೆಹಚ್ಚುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಮಾಡಿಸಬೇಕು. ನರಗಳಿಗೆ ಅಪಾಯವಿಲ್ಲದ, ರಕ್ತಕ್ಕೆ ನಂಜೇರದ ರೋಗಿಗೆ ಈ ತುಣುಕು ಸಿಗುವ ಮೊದಲೇ ಆ್ಯಂಟಿಬಯಾಟಿಕ್ ಕೊಟ್ಟುಬಿಟ್ಟರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು. ಇದನ್ನು ಊರಿನ ಕ್ಲಿನಿಕ್ಕುಗಳೂ ನೆನಪಿಡಬೇಕು.

ಈಗ ಶಸ್ತ್ರಕ್ರಿಯೆಗೆ ಕಾರಣಗಳು ಸ್ಪಷ್ಟ: ನರ ಸೋಲುವುದು, ಮೂಳೆ ಕುಸಿದು ಬೆನ್ನು ಅಲುಗಾಡುವುದು, ದೊಡ್ಡ ಕೀವು, ಔಷಧಿಗೆ ಬಗ್ಗದ ರೋಗ. ಸೋಂಕಿರುವಲ್ಲಿ ಲೋಹವೇ ಎಂಬ ಹಳೆಯ ಭಯವೂ ಇಳಿದಿದೆ. ಚೆನ್ನಾಗಿ ಶುಚಿಮಾಡಿ, ಸರಿಯಾದ ಔಷಧಿ ಕೊಟ್ಟರೆ ಟೈಟಾನಿಯಂ ಸ್ಕ್ರೂ, ಸರಳುಗಳು ಬೆನ್ನನ್ನು ಹಿಡಿದು ನಿಲ್ಲಿಸುತ್ತವೆ. ಆಮೇಲೆ ಔಷಧಿಯ ಅವಧಿ. ಕೀವಿನ ಸೋಂಕಿಗೆ ಹಲವರಲ್ಲಿ ಆರು ವಾರ ಸಾಕೆಂದು 2015ರ ಫ್ರೆಂಚ್ ಅಧ್ಯಯನ ತೋರಿಸಿತು. ಬೆನ್ನಿನ ಕ್ಷಯಕ್ಕೆ ಭಾರತದ 2016ರ ಮಾರ್ಗಸೂಚಿ ಕನಿಷ್ಠ 12 ತಿಂಗಳು ಹೇಳುತ್ತದೆ.